ಕೆರೆ, ಗಸಿ ಮತ್ತು ಕಾಣದ ಸಮುದಾಯ: ಕೋಲಾರ ಸೀಮೆಯ ತ್ಯಾಜ್ಯಜಲ ಚರ್ಚೆಯ ಪರಿಭಾಷೆ – ಒಂದು ವಿಮರ್ಶೆ

೧. ಪ್ರಸ್ತಾವನೆ

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿಗೆ ಸೇರಿದ ಆವನಿಯು ಐತಿಹ್ಯ ಹಾಗೂ ಶಾಸನಗಳೆರಡರಿಂದಲೂ ಹೆಸರಾದ ಕ್ಷೇತ್ರ. ವಾಲ್ಮೀಕಿಯ ಆಶ್ರಮವು ಇಲ್ಲಿಯ ಬೆಟ್ಟದಲ್ಲಿತ್ತೆಂದೂ ಸೀತೆ ಲವಕುಶರನ್ನು ಹೆತ್ತದ್ದು ಇಲ್ಲಿಯೇ ಎಂದೂ ಜನ ನಂಬಿದ್ದಾರೆ. ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯ ಸಮೂಹದಿಂದಾಗಿ ಇದು ಇತಿಹಾಸಕಾರರಿಗೂ ಪರಿಚಿತ. ಹತ್ತನೆಯ ಶತಮಾನದಲ್ಲಿ ಈ ಸ್ಥಾನವನ್ನು ನಾಲ್ವತ್ತು ವರ್ಷ ಆಳಿದ ತ್ರಿಭುವನಕರ್ತಾರ ದೇವನೆಂಬ ಯತಿಯು ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಇಲ್ಲಿಯ ಶಾಸನವೊಂದು ಹೇಳುತ್ತದೆ. ದೇವಾಲಯ ಹಾಗೂ ಕೆರೆಗಳನ್ನು ಒಂದೇ ಉಸಿರಿನಲ್ಲಿ ಎಣಿಸಿರುವುದು ಗಮನಾರ್ಹ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಕೆರೆ ಕಟ್ಟಿಸುವುದು ಬದುಕಿಗೆ ಆಧಾರವೂ ಪುಣ್ಯದ ಕೆಲಸವೂ ಆಗಿತ್ತು.

ಆ ಕಾಲದಿಂದ ಇತ್ತೀಚಿನವರೆಗೆ ಈ ಕೆರೆಗಳಿಗೆ ಬರುತ್ತಿದ್ದದ್ದು ಮಳೆಯ ನೀರು. ಅದರ ಮೂಲದ ಬಗ್ಗೆ ಯಾರೂ ಪ್ರಶ್ನೆ ಕೇಳಬೇಕಾಗಿರಲಿಲ್ಲ. ೨೦೧೮ರ ಜೂನ್ ತಿಂಗಳಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬೇರೊಂದು ನೀರು ಬಂದಿತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಚರಂಡಿಗಳ ನೀರನ್ನು ಸಂಸ್ಕರಣ ಘಟಕಗಳಲ್ಲಿ ಎರಡನೆಯ ಹಂತದವರೆಗೆ ಶುದ್ಧೀಕರಿಸಿ, ಕೊಳವೆಯ ಮೂಲಕ ಮೇಲೆತ್ತಿ, ಕೋಲಾರ ಸೀಮೆಯ ಕೆರೆಗಳನ್ನು ಒಂದರಿಂದೊಂದಕ್ಕೆ ತುಂಬಿಸುವ ಯೋಜನೆ ಅದು. ಜನರ ಬಾಯಲ್ಲಿ ಅದು ‘ಕೆ.ಸಿ. ವ್ಯಾಲಿ’. ದಿನಕ್ಕೆ ೪೪೦ ದಶಲಕ್ಷ ಲೀಟರ್ ನೀರು ಹಾಗೂ ಮೊದಲ ಹಂತದಲ್ಲಿ ೧೨೬ ಕೆರೆಗಳು ಇದರ ಗುರಿಯಾಗಿದ್ದವು. ಮರು ತಿಂಗಳಲ್ಲಿಯೇ ಲಕ್ಷ್ಮೀಸಾಗರದಲ್ಲಿ ನೊರೆ ಕಾಣಿಸಿಕೊಂಡು ವಿವಾದ ಎದ್ದಿತು. ೨೦೧೮ರ ಜುಲೈನಲ್ಲಿ ಉಚ್ಚ ನ್ಯಾಯಾಲಯವೂ ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ತಡೆ ನೀಡಿದ್ದವು. ಆ ಬಳಿಕ ತಡೆ ತೆರವಾಗಿ ನೀರಿನ ಹರಿವು ಮುಂದುವರಿಯಿತು.

ಈ ಯೋಜನೆಯು ಸರಿಯೇ ತಪ್ಪೇ ಎಂದು ತೀರ್ಪು ನೀಡುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಆ ಕುರಿತು ಕನ್ನಡದಲ್ಲಿ ನಡೆದ ಚರ್ಚೆಯ ಪರಿಭಾಷೆಯನ್ನು ಪರಿಶೀಲಿಸುವುದಷ್ಟೇ ಇಲ್ಲಿಯ ಪ್ರಯತ್ನ. ಕೊಳಚೆ ನೀರನ್ನು ನೀರನ್ನಾಗಿ ಮಾಡುವ ಕೆಲಸವನ್ನು ಮುಖ್ಯವಾಗಿ ಮಾಡುವುದು ಬ್ಯಾಕ್ಟೀರಿಯಗಳ ಒಂದು ಸಮುದಾಯ. ನಮ್ಮ ಚರ್ಚೆಯ ಮಾತುಗಳಲ್ಲಿ ಆ ಸಮುದಾಯಕ್ಕೆ ಸ್ಥಾನವೇ ಇಲ್ಲ. ಕೆಲಸಗಾರರನ್ನು ಮರೆತ ಮೇಲೆ ಅವರಿಂದ ಆಗುವ ಕೆಲಸ ಯಾವುದು, ಆಗದ ಕೆಲಸ ಯಾವುದು ಎಂಬ ವಿವೇಚನೆಯೂ ಕೈತಪ್ಪುತ್ತದೆ. ಕೋಲಾರದ ರೈತನಿಗೆ ನಿಜವಾಗಿ ಬೇಕಾದದ್ದು ಆ ವಿವೇಚನೆ ಎಂಬುದು ಈ ಲೇಖನದ ಪ್ರತಿಪಾದನೆ.

೨. ಮೂರು ಮಾತುಗಳು

ಈ ಚರ್ಚೆಯಲ್ಲಿ ಮೂರು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಮೊದಲನೆಯದು ಸರ್ಕಾರಿ ಕಡೆಯ ‘ಸಂಸ್ಕರಿಸಿದ ನೀರು’. ಎರಡನೆಯದು ವಿರೋಧದ ಕಡೆಯ ‘ಕೊಳಚೆ ನೀರು’ ಅಥವಾ ‘ವಿಷದ ನೀರು’. ಮೂರನೆಯದು ಪರಿಹಾರವಾಗಿ ಮುಂದಿಡಲಾಗುವ ‘ಮೂರನೆಯ ಹಂತದ ಶುದ್ಧೀಕರಣ’.

‘ಸಂಸ್ಕರಿಸಿದ’ ಎಂಬುದು ಭೂತಕಾಲವನ್ನು ಸೂಚಿಸುವ ಕೃದಂತ. ಕೆಲಸ ಮುಗಿದಿದೆ ಎಂಬ ಅರ್ಥವನ್ನು ಅದು ತನ್ನೊಡನೆ ತರುತ್ತದೆ. ಆದರೆ ಎರಡನೆಯ ಹಂತ ದಾಟಿದ ನೀರಿನಲ್ಲಿ ಕೆಲವು ಕೆಲಸಗಳು ಬಹುಮಟ್ಟಿಗೆ ಮುಗಿದಿರುತ್ತವೆ, ಕೆಲವು ಅರ್ಧದಲ್ಲಿರುತ್ತವೆ, ಇನ್ನು ಕೆಲವು ಆರಂಭವೇ ಆಗಿರುವುದಿಲ್ಲ. ‘ಕೊಳಚೆ’ ಎಂಬ ಮಾತು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಅದೇ ತಪ್ಪನ್ನು ಮಾಡುತ್ತದೆ. ಘಟಕದೊಳಗೆ ಹೋದ ನೀರಿಗೂ ಅಲ್ಲಿಂದ ಹೊರಬಂದ ನೀರಿಗೂ ಇರುವ ಅಂತರವನ್ನು ಅದು ಅಳಿಸಿಹಾಕುತ್ತದೆ. ಬೆಳ್ಳಂದೂರು ಕೆರೆಯ ನೊರೆ ಹಾಗೂ ಬೆಂಕಿಯನ್ನು ೨೦೧೫ರಿಂದ ೨೦೧೮ರವರೆಗೆ ಪತ್ರಿಕೆಗಳಲ್ಲಿ ನೋಡಿದ್ದ ಕೋಲಾರದ ಜನ, ಅದೇ ಕಣಿವೆಯಿಂದ ಬಂದ ನೀರನ್ನು ಕಂಡು ಅಂಜಿದ್ದು ಸಹಜವೇ. ಅಂಜಿಕೆಗೆ ಆಧಾರವಿರಲಿಲ್ಲವೆಂದು ಹೇಳುವಂತೆಯೂ ಇಲ್ಲ. ಆದರೆ ‘ವಿಷ’ ಎಂಬ ಒಂದೇ ಮಾತು ಯಾವ ವಿಷ, ಎಷ್ಟು, ಎಲ್ಲಿ ಎಂಬ ಮುಂದಿನ ಪ್ರಶ್ನೆಗಳಿಗೆ ಎಡೆಗೊಡುವುದಿಲ್ಲ.

ಮೂರನೆಯ ಮಾತು ಹೆಚ್ಚು ಶಾಸ್ತ್ರೀಯವಾಗಿ ಕಾಣುತ್ತದೆ. ಮೂರನೆಯ ಹಂತ ಬೇಕೆಂಬ ಬೇಡಿಕೆಯ ಹಿಂದೆ ನ್ಯಾಯವಿದೆ. ಆದರೆ ಮೂರನೆಯ ಹಂತವೆಂಬುದು ಒಂದೇ ಕ್ರಿಯೆಯಲ್ಲ. ಮರಳಿನಲ್ಲಿ ಸೋಸುವುದು, ಕ್ಲೋರಿನ್ ಬೆರೆಸುವುದು, ರಂಜಕವನ್ನು ಗರಣೆಗಟ್ಟಿಸಿ ತೆಗೆಯುವುದು, ಸೂಕ್ಷ್ಮ ಪೊರೆಗಳ ಮೂಲಕ ಹಾಯಿಸುವುದು – ಇವೆಲ್ಲವೂ ಆ ಹೆಸರಿನಡಿ ಬರುತ್ತವೆ. ಮರಳಿನ ಸೋಸುಕವು ನೈಟ್ರೇಟನ್ನು ತಡೆಯಲಾರದು. ಕ್ಲೋರಿನ್ ಲೋಹವನ್ನು ತೆಗೆಯಲಾರದು. ಆದ್ದರಿಂದ ‘ಮೂರನೆಯ ಹಂತವಾಯಿತು’ ಎಂದು ನಾಳೆ ಯಾರಾದರೂ ಘೋಷಿಸಿದರೆ ಜನರ ಯಾವ ಆತಂಕ ನಿವಾರಣೆಯಾಯಿತೆಂದು ತಿಳಿಯುವ ಬಗೆಯಿಲ್ಲ.

ಈ ಮೂರು ಮಾತುಗಳೂ ನೀರಿನ ಸ್ಥಿತಿಯನ್ನು ಹೆಸರಿಸುತ್ತವೆಯೇ ಹೊರತು ನೀರಿನಲ್ಲಿ ನಡೆದ ಕ್ರಿಯೆಯನ್ನು ಹೆಸರಿಸುವುದಿಲ್ಲ. ಇದು ಅವುಗಳಿಗೆ ಸಮಾನವಾದ ಕೊರತೆ. ಮಡಿ–ಮೈಲಿಗೆಯ ಪರಿಭಾಷೆಯ ನೆರಳೂ ಇವುಗಳ ಮೇಲೆ ಬಿದ್ದಿರುವಂತೆ ತೋರುತ್ತದೆ. ಆ ಪರಿಭಾಷೆಯಲ್ಲಿ ನೀರು ಒಂದೋ ಶುದ್ಧ, ಇಲ್ಲವೇ ಅಶುದ್ಧ. ಜೀವರಸಾಯನಶಾಸ್ತ್ರಕ್ಕೆ ಅಂಥ ಇಬ್ಭಾಗ ಗೊತ್ತಿಲ್ಲ.

೩. ಬೆಂಗಳೂರಿನ ಒಂದು ಮರೆತ ಅಧ್ಯಾಯ

ಎರಡನೆಯ ಹಂತದ ಸಂಸ್ಕರಣದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಕ್ರಮಕ್ಕೆ ‘ಕ್ರಿಯಾಶೀಲ ಗಸಿ’ಯ ವಿಧಾನವೆಂದು ಹೆಸರಿಸಬಹುದು. ಇದರ ಚರಿತ್ರೆಗೆ ಬೆಂಗಳೂರಿನೊಡನೆ ನೇರ ಸಂಬಂಧವಿದೆ ಎಂಬುದು ಕನ್ನಡ ಓದುಗರಿಗೆ ಅಷ್ಟಾಗಿ ತಿಳಿದಿಲ್ಲ.

ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕೊಳಚೆ ನೀರಿನ ಸಮಸ್ಯೆಯನ್ನು ಅಭ್ಯಸಿಸುತ್ತಿದ್ದ ಗಿಲ್ಬರ್ಟ್ ಫೌಲರ್ ೧೯೧೨ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಪ್ರಯೋಗ ಕೇಂದ್ರಕ್ಕೆ ಭೇಟಿಯಿತ್ತರು. ಗಾಳಿ ಊದಿದ ಕೊಳಚೆ ನೀರು ಸೀಸೆಗಳಲ್ಲಿ ತಿಳಿಯಾಗುವುದನ್ನು ಅಲ್ಲಿ ಕಂಡು, ಹಿಂದಿರುಗಿದ ಮೇಲೆ ಎಡ್ವರ್ಡ್ ಆರ್ಡರ್ನ್ ಹಾಗೂ ವಿಲಿಯಂ ಲಾಕೆಟ್ ಅವರಿಗೆ ಅಂಥದೇ ಪ್ರಯೋಗಗಳನ್ನು ಸೂಚಿಸಿದರು. ಮೊದಲ ಸಲ ಗಾಳಿ ಊದಿದಾಗ ನೀರು ತಿಳಿಯಾಗಿ ಅಮೋನಿಯವೆಲ್ಲ ನೈಟ್ರೇಟ್ ಆಗಲು ಸುಮಾರು ಐದು ವಾರ ಹಿಡಿಯಿತು. ಆ ಇಬ್ಬರು ಮಾಡಿದ ಹೊಸ ಕೆಲಸವೆಂದರೆ ತಳದಲ್ಲಿ ನಿಂತ ಗಸಿಯನ್ನು ಚೆಲ್ಲದೆ ಉಳಿಸಿಕೊಂಡು ಅದರ ಮೇಲೆಯೇ ಹೊಸ ಕೊಳಚೆಯನ್ನು ಸುರಿದದ್ದು. ಹೀಗೆ ಮತ್ತೆ ಮತ್ತೆ ಮಾಡುತ್ತ ಹೋದಂತೆ ಐದು ವಾರಗಳ ಕೆಲಸ ಒಂದು ದಿನದೊಳಗೆ ಆಗತೊಡಗಿತು. ೧೯೧೪ರಲ್ಲಿ ಅವರು ಇದನ್ನು ಪ್ರಕಟಿಸಿದರು.

ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ ಇದು ಹೆಪ್ಪು ಹಾಕುವ ಕ್ರಮ. ನಿನ್ನೆಯ ಮೊಸರಿನ ಒಂದು ಚಮಚ ಇಂದಿನ ಹಾಲನ್ನು ಹೆಪ್ಪುಗಟ್ಟಿಸುವಂತೆ ನಿನ್ನೆಯ ಗಸಿಯು ಇಂದಿನ ಕೊಳಚೆಯನ್ನು ಬೇಗ ತಿಳಿಗೊಳಿಸುತ್ತದೆ. ಗಸಿಯೆಂದರೆ ಕಸವಲ್ಲ, ಕೋಟ್ಯಂತರ ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಕಟ್ಟಿದ ಸಮುದಾಯ. ಸಂಸ್ಕರಣ ಘಟಕದ ಕಾಂಕ್ರೀಟು, ಪಂಪು, ವಿದ್ಯುತ್ತು ಇವೆಲ್ಲವೂ ಆ ಸಮುದಾಯಕ್ಕೆ ಗಾಳಿ, ಆಹಾರ ಹಾಗೂ ಬಿಡುವು ಒದಗಿಸುವ ಸಲಕರಣೆಗಳು ಮಾತ್ರ.

ಇದೇ ಫೌಲರ್ ೧೯೧೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ೧೯೨೧ರಲ್ಲಿ ಅಲ್ಲಿ ಜೀವರಸಾಯನಶಾಸ್ತ್ರ ವಿಭಾಗವು ಆರಂಭವಾದಾಗ ಅದರ ಮೊದಲ ಮುಖ್ಯಸ್ಥರಾದರು. ಭಾರತಕ್ಕೆ ಬರುವ ಮುನ್ನ ಅವರು ‘ಎಂ-೭’ ಎಂದು ಹೆಸರಿಟ್ಟ ಒಂದೇ ಒಂದು ಬ್ಯಾಕ್ಟೀರಿಯದಿಂದ ಕೊಳಚೆಯನ್ನು ತಿಳಿಗೊಳಿಸಬಹುದೆಂಬ ಪ್ರಯೋಗದಲ್ಲಿ ತೊಡಗಿದ್ದುದು ಈ ಸಂದರ್ಭದಲ್ಲಿ ಉಲ್ಲೇಖನೀಯ. ಆ ಒಂಟಿ ಜೀವಿಯ ದಾರಿ ಮುಂದುವರಿಯಲಿಲ್ಲ. ನಿಂತದ್ದು ಗಸಿಯ ಸಮುದಾಯದ ದಾರಿ. ಫೌಲರ್ ಅವರ ನಂತರದ ತಲೆಮಾರಿನಲ್ಲಿ ಅದೇ ಸಂಸ್ಥೆಯ ಎಸ್.ಸಿ. ಪಿಳ್ಳೈ ಹಾಗೂ ವಿ. ಸುಬ್ರಹ್ಮಣ್ಯನ್ ಅವರು ಈ ಸಮುದಾಯದ ಇನ್ನೊಂದು ಕುಲವನ್ನು ಬೆಳಕಿಗೆ ತಂದರು. ಗಸಿಯಲ್ಲಿ ಬ್ಯಾಕ್ಟೀರಿಯಗಳಲ್ಲದೆ ಪ್ರೋಟೊಜೋವ ಎಂಬ ಏಕಕೋಶ ಪ್ರಾಣಿಗಳೂ ಇದ್ದು, ಶುದ್ಧೀಕರಣದಲ್ಲಿ ಅವುಗಳ ಪಾತ್ರ ದೊಡ್ಡದೆಂದು ೧೯೪೨ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಮಂಡಿಸಿದರು. ಪ್ರೋಟೊಜೋವಗಳೇ ಮುಖ್ಯ ಕರ್ತೃಗಳೆಂಬಷ್ಟು ದೂರ ನಂತರದ ವಿಜ್ಞಾನ ಹೋಗಲಿಲ್ಲ. ಆದರೆ ಗಸಿಗೆ ಅಂಟದೆ ತೇಲಾಡುವ ಬ್ಯಾಕ್ಟೀರಿಯಗಳನ್ನು ತಿಂದು ನೀರನ್ನು ತಿಳಿಗೊಳಿಸುವುದು ಅವೇ ಎಂಬುದು ಇಂದು ಅಂಗೀಕೃತವಾದ ಸಂಗತಿ. ಈ ಸುಬ್ರಹ್ಮಣ್ಯನ್ ಅವರೇ ಮುಂದೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮೊದಲ ನಿರ್ದೇಶಕರಾದವರು.

ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿ ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಹೇಳುವ ದಾರಿ ಹಾಕಿದ್ದು ಇದೇ ಬೆಂಗಳೂರಿನಲ್ಲಿ, ೧೯೧೮ರಲ್ಲಿ, ಅಂದರೆ ಫೌಲರ್ ಇಲ್ಲಿದ್ದ ವರ್ಷಗಳಲ್ಲಿಯೇ. ಗಸಿಯ ವಿಜ್ಞಾನವೂ ವಿಜ್ಞಾನದ ಕನ್ನಡವೂ ಒಂದೇ ಊರಿನಲ್ಲಿ ಒಂದೇ ಕಾಲಕ್ಕೆ ಬೆಳೆಯತೊಡಗಿದವು. ನೂರು ವರ್ಷಗಳ ಬಳಿಕ ಆ ಊರಿನ ಚರಂಡಿ ನೀರು ಕೋಲಾರಕ್ಕೆ ಹರಿದಾಗ, ಅದನ್ನು ವಿವರಿಸಲು ಆ ಎರಡೂ ಪರಂಪರೆಗಳ ನೆರವನ್ನು ನಾವು ಪಡೆಯಲಿಲ್ಲವೆಂಬುದು ವಿಷಾದದ ಸಂಗತಿ.

೪. ನಾಲ್ಕು ಪ್ರಶ್ನೆಗಳು

ಶುದ್ಧವೇ ಅಶುದ್ಧವೇ ಎಂಬ ಪ್ರಶ್ನೆಯ ಬದಲು ಪ್ರತಿಯೊಂದು ಮಾಲಿನ್ಯಕಾರಕದ ಬಗ್ಗೆಯೂ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಹೆಚ್ಚು ಫಲಕಾರಿ. ಇದನ್ನು ತಿನ್ನುವವರು ಯಾರು? ಎಲ್ಲಿ, ಯಾವ ಸ್ಥಿತಿಯಲ್ಲಿ ತಿನ್ನುತ್ತಾರೆ? ಎಷ್ಟು ಕಾಲ ಬೇಕು? ತಿಂದ ಮೇಲೆ ಏನು ಉಳಿಯುತ್ತದೆ?

ಮಲ, ಅನ್ನದ ತಿಳಿ, ಎಣ್ಣೆ ಮುಂತಾದ ಜೈವಿಕ ಪದಾರ್ಥಗಳನ್ನು ಮೊದಲು ತೆಗೆದುಕೊಳ್ಳೋಣ. ಇವುಗಳನ್ನು ಗಾಳಿಯಿರುವ ತೊಟ್ಟಿಯಲ್ಲಿ ನೂರಾರು ಬಗೆಯ ಬ್ಯಾಕ್ಟೀರಿಯಗಳು ಕೆಲವೇ ಗಂಟೆಗಳಲ್ಲಿ ತಿನ್ನುತ್ತವೆ. ಉಳಿಯುವುದು ಇಂಗಾಲದ ಡೈಆಕ್ಸೈಡು, ನೀರು ಹಾಗೂ ಹೊಸ ಗಸಿ. ಘಟಕವು ಸರಿಯಾಗಿ ನಡೆದರೆ ಈ ಕೆಲಸ ಬಹುಪಾಲು ಮುಗಿಯುತ್ತದೆ.

ಅಮೋನಿಯದ ಕಥೆ ಬೇರೆ. ಅದನ್ನು ನೈಟ್ರೈಟ್ ಮಾಡುವ ಗುಂಪೊಂದು, ನೈಟ್ರೈಟನ್ನು ನೈಟ್ರೇಟ್ ಮಾಡುವ ಗುಂಪು ಇನ್ನೊಂದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿನೊಗ್ರಾಡ್‌ಸ್ಕಿಯು ತೋರಿಸಿಕೊಟ್ಟ ಈ ಎರಡು ಹೆಜ್ಜೆಗಳನ್ನೂ ಒಬ್ಬಂಟಿಯಾಗಿ ಇಡಬಲ್ಲ ಬ್ಯಾಕ್ಟೀರಿಯಗಳಿವೆ ಎಂದು ಗೊತ್ತಾದದ್ದು ೨೦೧೫ರಲ್ಲಿ. ಇವೆಲ್ಲವೂ ಬಹಳ ನಿಧಾನವಾಗಿ ಬೆಳೆಯುವ ಜೀವಿಗಳು. ಗಸಿಯನ್ನು ಅವಸರದಿಂದ ಹೊರಹಾಕುವ ಘಟಕದಲ್ಲಿ ಇವು ಉಳಿಯುವುದಿಲ್ಲ. ಅವು ಕೆಲಸ ಮುಗಿಸಿದರೂ ಉಳಿಯುವುದು ನೈಟ್ರೇಟ್. ಅದನ್ನು ಗಾಳಿಯಲ್ಲಿರುವ ನಿರಪಾಯ ಸಾರಜನಕವಾಗಿಸಲು ಮೂರನೆಯ ಗುಂಪೊಂದು ಬೇಕು. ಆ ಗುಂಪು ಆಮ್ಲಜನಕವಿಲ್ಲದ ಜಾಗದಲ್ಲಿ ಮಾತ್ರ ಆ ಕೆಲಸಕ್ಕೆ ಇಳಿಯುತ್ತದೆ. ಅಂಥ ಜಾಗವನ್ನು ಘಟಕವು ಕಲ್ಪಿಸದಿದ್ದರೆ ನೈಟ್ರೇಟ್ ಕೆರೆಗೂ, ಕೆರೆಯಿಂದ ಅಂತರ್ಜಲಕ್ಕೂ ಇಳಿಯಬಹುದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ ೪೫ ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ.

ಮೂರನೆಯ ಉದಾಹರಣೆಯಾಗಿ ೨೦೧೮ರ ಜುಲೈನ ನೊರೆಯನ್ನು ಗಮನಿಸಬಹುದು. ಕೊಳಚೆ ನೀರಿನ ನೊರೆಗೆ ಬಟ್ಟೆ ಒಗೆಯುವ ಪುಡಿಯ ಮಾರ್ಜಕಗಳು ಒಂದು ಪ್ರಮುಖ ಕಾರಣ. ದಾರದಂತೆ ಬೆಳೆಯುವ ಕೆಲವು ಬ್ಯಾಕ್ಟೀರಿಯಗಳೂ ನೊರೆಗೆ ನೆರವಾಗುತ್ತವೆ. ಹಿಂದಿನ ಕವಲೊಡೆದ ಮಾರ್ಜಕಗಳನ್ನು ಬ್ಯಾಕ್ಟೀರಿಯಗಳು ತಿನ್ನಲಾರದೆ ಯೂರೋಪು ಹಾಗೂ ಅಮೆರಿಕದ ನದಿಗಳು ನೊರೆಯಿಂದ ತುಂಬಿದ್ದರಿಂದಲೇ ೧೯೬೦ರ ದಶಕದಲ್ಲಿ ನೇರ ಸರಪಳಿಯ ಮಾರ್ಜಕಗಳು ಬಂದವು. ಇವುಗಳನ್ನೂ ಒಂದೇ ಜೀವಿ ಪೂರ್ತಿಯಾಗಿ ತಿನ್ನುವುದು ಅಪರೂಪ. ಒಂದು ಬಗೆಯ ಬ್ಯಾಕ್ಟೀರಿಯ ಸರಪಳಿಯನ್ನು ಕತ್ತರಿಸಿ ಗಿಡ್ಡ ಮಾಡಿ ಬಿಡುತ್ತದೆ, ಉಳಿದ ಉಂಗುರವನ್ನು ಬೇರೆಯವು ಒಡೆಯುತ್ತವೆ. ಇದಕ್ಕೆ ಆಮ್ಲಜನಕ ಬೇಕು. ಆದ್ದರಿಂದ ಮಾರ್ಜಕದ ನೊರೆಯು ನಮಗೆ ಹೇಳುವುದು ಕೆಲಸ ಅರ್ಧದಲ್ಲಿ ನಿಂತಿದೆ ಎಂದು. ಗಾಳಿ ಸಾಲದಾಯಿತೇ, ಕಾಲ ಸಾಲದಾಯಿತೇ, ಸಂಸ್ಕರಣಕ್ಕೆ ಒಳಗಾಗದ ನೀರು ಬೆರೆಯಿತೇ ಎಂಬುದು ಆಗ ಕೇಳಬೇಕಾಗಿದ್ದ ಪ್ರಶ್ನೆ. ಚರ್ಚೆಯು ನೊರೆ ಇದೆಯೇ ಇಲ್ಲವೇ ಎಂಬಲ್ಲಿಯೇ ಸುತ್ತಿತು.

ಕೊನೆಯದು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಮೊದಲಾದ ಲೋಹಗಳು. ಇವು ಮೂಲಧಾತುಗಳಾದ್ದರಿಂದ ಯಾವ ಬ್ಯಾಕ್ಟೀರಿಯವೂ ಇವುಗಳನ್ನು ಒಡೆಯಲಾರದು. ಗಸಿಯು ಇವುಗಳನ್ನು ಹೀರಿಕೊಳ್ಳಬಹುದು, ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಬಹುದು. ಲೋಹ ಮಾತ್ರ ನೀರಿನಲ್ಲಿಲ್ಲದಿದ್ದರೆ ಗಸಿಯಲ್ಲಿ, ಗಸಿಯಲ್ಲಿಲ್ಲದಿದ್ದರೆ ನೀರಿನಲ್ಲಿ ಇದ್ದೇ ಇರುತ್ತದೆ. ಕೋಲಾರದ ಆಳ ಕೊಳವೆಬಾವಿಗಳ ಹಳೆಯ ಪಿಡುಗಾದ ಫ್ಲೋರೈಡಿಗೂ ಈ ಮಾತು ಅನ್ವಯಿಸುತ್ತದೆ. ಕೆರೆಯಿಂದ ಇಂಗುವ ನೀರು ಅದನ್ನು ತೆಳುವಾಗಿಸಬಹುದೇ ಹೊರತು ಸೂಕ್ಷ್ಮಜೀವಿಗಳು ಅದನ್ನು ಕರಗಿಸುವುದಿಲ್ಲ.

ಇಲ್ಲಿ ‘ಬಿ.ಒ.ಡಿ.’ ಎಂಬ ಸುಪರಿಚಿತ ಅಳತೆಯ ಬಗ್ಗೆ ಒಂದು ಮಾತು ಅಗತ್ಯ. ಎರಡನೆಯ ಹಂತದ ನೀರಿನ ಗುಣವನ್ನು ಮುಖ್ಯವಾಗಿ ಈ ಅಂಕಿಯಿಂದ ಹೇಳುವುದು ವಾಡಿಕೆ. ಹಳೆಯ ಸಾಮಾನ್ಯ ಮಾನಕ ಲೀಟರಿಗೆ ೩೦ ಮಿಲಿಗ್ರಾಂ ಇತ್ತು. ೨೦೧೯ರ ಏಪ್ರಿಲಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೊಡ್ಡ ನಗರಗಳಿಗೆ ೧೦ ಮಿಲಿಗ್ರಾಮಿನ ಮಿತಿಯನ್ನು ಸೂಚಿಸಿತು. ಆದರೆ ಈ ಅಂಕಿ ಅಳೆಯುವುದಾದರೂ ಏನನ್ನು? ನೀರಿನ ಮಾದರಿಯನ್ನು ೨೭ ಡಿಗ್ರಿ ಉಷ್ಣತೆಯಲ್ಲಿ ಮೂರು ದಿನ ಇಟ್ಟು, ಅದರಲ್ಲಿರುವ ಬ್ಯಾಕ್ಟೀರಿಯಗಳು ಉಣ್ಣುವಾಗ ಎಷ್ಟು ಆಮ್ಲಜನಕವನ್ನು ಬಳಸಿದವೆಂದು ನೋಡುವುದೇ ನಮ್ಮಲ್ಲಿಯ ಕ್ರಮ. ಅಂದರೆ ಇದು ಬ್ಯಾಕ್ಟೀರಿಯಗಳು ತಾವು ತಿನ್ನಬಲ್ಲದ್ದರ ಬಗ್ಗೆ ಹೇಳುವ ಸಾಕ್ಷಿ. ಅವು ತಿನ್ನಲಾರದ್ದರ ಬಗ್ಗೆ ಈ ಸಾಕ್ಷಿಗೆ ಏನೂ ತಿಳಿಯದು. ಬಿ.ಒ.ಡಿ. ಕಡಿಮೆಯಿದೆ ಎಂಬ ಸರ್ಕಾರಿ ಉತ್ತರವೂ ಲೋಹಗಳಿರಬಹುದು ಎಂಬ ರೈತರ ಶಂಕೆಯೂ ಏಕಕಾಲದಲ್ಲಿ ನಿಜವಾಗಿರಲು ಅಡ್ಡಿಯಿಲ್ಲ. ಈ ಸರಳ ಸಂಗತಿಯನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಿದ್ದರೆ ಎರಡು ಪಕ್ಷಗಳ ವಾಗ್ವಾದದ ಅರ್ಧಭಾಗ ತಾನಾಗಿ ಕಡಿಮೆಯಾಗುತ್ತಿತ್ತು.

೫. ‘ಪವಾಡದ ಜೀವಿ’ಯ ಭ್ರಮೆ

ಬ್ಯಾಕ್ಟೀರಿಯಗಳನ್ನು ಮರೆಯುವುದು ಒಂದು ದೋಷವಾದರೆ ಅವುಗಳಲ್ಲಿ ಪವಾಡವನ್ನು ಕಾಣುವುದು ಇನ್ನೊಂದು ದೋಷ. ಜನಪ್ರಿಯ ವಿಜ್ಞಾನ ಬರಹಗಳಲ್ಲಿ ಎಣ್ಣೆ ತಿನ್ನುವ, ಪ್ಲಾಸ್ಟಿಕ್ ತಿನ್ನುವ, ವಿಷ ತಿನ್ನುವ ಒಂದೊಂದು ಜೀವಿ ಆಗಾಗ ನಾಯಕನ ವೇಷದಲ್ಲಿ ಬರುತ್ತದೆ. ಇದರ ಪ್ರಸಿದ್ಧ ನಿದರ್ಶನ ಆನಂದ ಚಕ್ರವರ್ತಿಯವರು ೧೯೭೦ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರೂಪಿಸಿದ ಎಣ್ಣೆ ತಿನ್ನುವ ಸ್ಯೂಡೊಮೋನಸ್. ಜೀವಿಯೊಂದಕ್ಕೆ ಪೇಟೆಂಟ್ ನೀಡಬಹುದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ೧೯೮೦ರಲ್ಲಿ ತೀರ್ಪಿತ್ತದ್ದು ಈ ಜೀವಿಯ ಸಂದರ್ಭದಲ್ಲಿಯೇ. ಆದರೆ ೧೯೮೯ರಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನಿಂದ ಅಲಾಸ್ಕದ ಕಡಲಿಗೆ ಎಣ್ಣೆ ಚೆಲ್ಲಿದಾಗ ತಜ್ಞರು ನೆಚ್ಚಿಕೊಂಡದ್ದು ಆ ದಡದಲ್ಲಿಯೇ ಇದ್ದ ಜೀವಿಸಮುದಾಯವನ್ನು. ಅದಕ್ಕೆ ಸಾರಜನಕ ಹಾಗೂ ರಂಜಕದ ಗೊಬ್ಬರ ಒದಗಿಸಿ ಅದರ ಕೆಲಸವನ್ನು ಚುರುಕುಗೊಳಿಸಿದರು. ಸ್ಥಳೀಯ ಸಮುದಾಯದ ನಡುವೆ ಪರಸ್ಥಳದ ಒಂಟಿ ಜೀವಿ ನೆಲೆಯೂರುವುದು ಸುಲಭವಲ್ಲ. ಕೆರೆಗೆ ಬ್ಯಾಕ್ಟೀರಿಯದ ದ್ರಾವಣ ಸುರಿದರೆ ನೀರು ಶುದ್ಧವಾಗುತ್ತದೆಂಬ ವ್ಯಾಪಾರಿ ಭರವಸೆಗಳನ್ನು ಈ ಬೆಳಕಿನಲ್ಲಿ ಪರೀಕ್ಷಿಸಬೇಕು.

ಕೋಲಾರ ಜಿಲ್ಲೆಯಲ್ಲಿಯೇ ಇದಕ್ಕೊಂದು ಒರೆಗಲ್ಲಿದೆ. ೧೮೮೦ರಲ್ಲಿ ಜಾನ್ ಟೇಲರ್ ಸಂಸ್ಥೆಯ ಕೈಗೆ ಬಂದು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದ ಕೋಲಾರ ಚಿನ್ನದ ಗಣಿಯು, ಪುಡಿ ಮಾಡಿದ ಅದುರಿನ ‘ಸೈನೈಡ್ ಗುಡ್ಡ’ಗಳನ್ನು ಬಿಟ್ಟುಹೋಗಿದೆ. ಸೈನೈಡ್ ಎಂಬ ಹೆಸರೇ ಭಯ ಹುಟ್ಟಿಸುವಂಥದು. ಆದರೆ ಸೈನೈಡ್ ಎಂಬುದು ಇಂಗಾಲ–ಸಾರಜನಕಗಳ ಸಂಯುಕ್ತ. ಅದನ್ನು ಒಡೆದು ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಗಳಿವೆ. ಅಮೆರಿಕದ ದಕ್ಷಿಣ ಡಕೋಟದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ ೧೯೮೪ರಿಂದ ತಿರುಗುವ ತಟ್ಟೆಗಳ ಮೇಲೆ ಬೆಳೆಸಿದ ಬ್ಯಾಕ್ಟೀರಿಯಗಳು ಗಣಿಯ ತ್ಯಾಜ್ಯಜಲದ ಸೈನೈಡನ್ನೂ ಥಯೊಸಯನೇಟನ್ನೂ ಒಡೆದವು. ಒಡೆದಾಗ ಹುಟ್ಟಿದ ಅಮೋನಿಯವನ್ನು ಇನ್ನೊಂದು ಗುಂಪು ನೈಟ್ರೇಟ್ ಮಾಡಿತು. ಅಲ್ಲಿಯೂ ದುಡಿದದ್ದು ಪಾಳಿಯಲ್ಲಿ ನಿಂತ ಸಮುದಾಯವೇ. ಹೆಸರಿನಲ್ಲಿ ಭಯಂಕರವಾದ ಸೈನೈಡನ್ನು ಜೀವಿಗಳು ಒಡೆಯಬಲ್ಲವು, ಆದರೆ ಗಣಿಮಣ್ಣಿನಲ್ಲಿರುವ ಆರ್ಸೆನಿಕ್ ಮುಂತಾದ ಧಾತುಗಳನ್ನು ಒಡೆಯಲಾರವು. ನಾವು ಯಾವುದಕ್ಕೆ ಹೆಚ್ಚು ಹೆದರುತ್ತೇವೆಯೋ ಅದೇ ಹೆಚ್ಚು ಕಾಲ ಉಳಿಯುವಂಥದೆಂದು ಭಾವಿಸಬೇಕಾಗಿಲ್ಲ.

ಸಮುದಾಯದ ಗುಣಗಾನದಲ್ಲಿಯೂ ಮಿತಿ ಬೇಕು. ಒಟ್ಟಾಗಿ ಬಾಳುವ ಬ್ಯಾಕ್ಟೀರಿಯಗಳು ವಂಶವಾಹಿಗಳನ್ನು ಒಂದಕ್ಕೊಂದು ಕೊಟ್ಟು ತೆಗೆದುಕೊಳ್ಳುತ್ತವೆ. ಹೊಸ ಮಾಲಿನ್ಯಕಾರಕವನ್ನು ತಿನ್ನುವ ಸಾಮರ್ಥ್ಯ ಗಸಿಯಲ್ಲಿ ಹರಡುವುದು ಹೀಗೆ. ಪ್ರತಿಜೀವಕ ಔಷಧಗಳಿಗೆ ಬಗ್ಗದ ಗುಣ ಹರಡುವುದೂ ಹೀಗೆಯೇ. ಆಸ್ಪತ್ರೆ ಹಾಗೂ ಮನೆಗಳ ಔಷಧಶೇಷಗಳು ಸೇರುವ ಮಹಾನಗರದ ಗಸಿಯಲ್ಲಿ ಈ ಎರಡೂ ನಡೆಯುತ್ತವೆ. ಒಂದನ್ನು ಹೇಳಿ ಇನ್ನೊಂದನ್ನು ಹೇಳದಿರುವುದು ಪ್ರಾಮಾಣಿಕ ಬರವಣಿಗೆಯಾಗದು.

೬. ಕೆರೆಯೆಂಬ ಎರಡನೆಯ ತೊಟ್ಟಿ

ಕೊಳವೆಯ ಬಾಯಿಯಲ್ಲಿ ಸಂಸ್ಕರಣ ಮುಗಿಯುವುದಿಲ್ಲ. ಕೆರೆಯೂ ಒಂದು ತೊಟ್ಟಿ. ಹಗಲಿನಲ್ಲಿ ಪಾಚಿ ಬಿಡುವ ಆಮ್ಲಜನಕವನ್ನು ಬ್ಯಾಕ್ಟೀರಿಯಗಳು ಬಳಸುತ್ತವೆ. ಅವು ಬಿಡುವ ಇಂಗಾಲದ ಡೈಆಕ್ಸೈಡನ್ನು ಪಾಚಿ ಬಳಸುತ್ತದೆ. ಜೊಂಡಿನ ಬೇರುಗಳಲ್ಲಿಯೂ ಹೂಳಿನ ಮೇಲ್ಪದರದಲ್ಲಿಯೂ ಬೇರೆ ಬೇರೆ ಗುಂಪುಗಳು ನೆಲೆಸುತ್ತವೆ. ಹೂಳಿನ ಆಮ್ಲಜನಕವಿಲ್ಲದ ಪದರದಲ್ಲಿ ನೈಟ್ರೇಟ್ ಸಾರಜನಕವಾಗಿ ಗಾಳಿಗೆ ಸೇರುತ್ತದೆ. ಸಾಲಿನಲ್ಲಿ ಒಂದರ ಕೋಡಿಯಿಂದ ಇನ್ನೊಂದಕ್ಕೆ ಹರಿಯುವ ಕೋಲಾರದ ಕೆರೆಗಳು ಈ ದೃಷ್ಟಿಯಿಂದ ಒಂದರ ಮುಂದೊಂದಿಟ್ಟ ತೊಟ್ಟಿಗಳ ಮಾಲೆಯಂತೆ ಕೆಲಸ ಮಾಡಬಲ್ಲವು. ಕೆರೆಗಳು ತುಂಬಿದ ಮೇಲೆ ಸುತ್ತಲ ಅಂತರ್ಜಲದ ಮಟ್ಟ ಏರಿದುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಬತ್ತಿದ ಬಾವಿಗಳ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಆದರೆ ಈ ತೊಟ್ಟಿಯ ಹಿಂದಿನ ಕ್ರಮ ಬದಲಾಗಿದೆ ಎಂಬುದನ್ನು ಮರೆಯಬಾರದು. ಮಳೆಯ ನೀರಿನ ಕೆರೆ ಬೇಸಗೆಯಲ್ಲಿ ಬತ್ತುತ್ತಿತ್ತು. ಬತ್ತಿದ ಕೆರೆಯ ಗೋಡುಮಣ್ಣನ್ನು ರೈತರು ಗಾಡಿಗಳಲ್ಲಿ ತುಂಬಿ ಹೊಲಗಳಿಗೆ ಹೊಡೆಯುತ್ತಿದ್ದರು. ಕೆರೆಯ ಹೂಳೆತ್ತುವುದೂ ಹೊಲಕ್ಕೆ ಸಾರ ಕೊಡುವುದೂ ಒಂದೇ ಕೆಲಸವಾಗಿತ್ತು. ಈಗ ವರ್ಷವಿಡೀ ನೀರು ನಿಂತ ಕೆರೆಯ ತಳದಲ್ಲಿ ಆಮ್ಲಜನಕವಿಲ್ಲದ ಕಪ್ಪು ಹೂಳು ಕೂಡುತ್ತದೆ. ಅಲ್ಲಿ ಸಲ್ಫೇಟನ್ನು ಬಳಸಿ ಬದುಕುವ ಬ್ಯಾಕ್ಟೀರಿಯಗಳು ಗಂಧಕವನ್ನು ಸಲ್ಫೈಡ್ ರೂಪಕ್ಕೆ ತರುತ್ತವೆ. ನೀರಿನೊಡನೆ ಬಂದ ಸೀಸ, ಕ್ಯಾಡ್ಮಿಯಂ, ಸತುವಿನಂಥ ಲ���ಹಗಳು ಆ ಸಲ್ಫೈಡಿನೊಡನೆ ಕೂಡಿ ತಳದಲ್ಲಿ ಸೆರೆಯಾಗುತ್ತವೆ. ನೀರಿನ ಪರೀಕ್ಷೆಯಲ್ಲಿ ಇಂಥ ಲೋಹ ಕಾಣದಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಅದೇ ಹೂಳನ್ನು ಮೇಲೆತ್ತಿ ಹೊಲದಲ್ಲಿ ಹರಡಿದಾಗ ಗಾಳಿಯ ಸಂಪರ್ಕದಿಂದ ಸಲ್ಫೈಡ್ ಉತ್ಕರ್ಷಿಸಿ, ಸೆರೆಯಾದ ಲೋಹ ಮತ್ತೆ ಬಿಡುಗಡೆಯಾಗುವ ಸಾಧ್ಯತೆಯಿದೆ. ಆದುದರಿಂದ ಈ ಕೆರೆಗಳ ಗೋಡನ್ನು ಪರೀಕ್ಷಿಸದೆ ಹೊಲಕ್ಕೆ ಹೊಡೆಯಕೂಡದು. ಶತಮಾನಗಳ ಕೃಷಿ ಪದ್ಧತಿಯೊಂದು ಇಲ್ಲಿ ಹೊಸ ಎಚ್ಚರಿಕೆಯನ್ನು ಬೇಡುತ್ತದೆ. ‘ಸಂಸ್ಕರಿಸಿದ’ ಮತ್ತು ‘ಕೊಳಚೆ’ ಎಂಬ ಮಾತುಗಳಲ್ಲಿಯೇ ನಿಂತ ಚರ್ಚೆಗೆ ಈ ಎಚ್ಚರಿಕೆ ಹೊಳೆಯುವುದೇ ಇಲ್ಲ, ಏಕೆಂದರೆ ಎರಡೂ ಮಾತುಗಳು ನೀರನ್ನು ನೋಡುತ್ತವೆ, ತಳವನ್ನು ನೋಡುವುದಿಲ್ಲ.

ಕೋಲಾರದ ಟೊಮ್ಯಾಟೊ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಈ ಸೀಮೆಯ ತರಕಾರಿ, ಹಾಲು, ರೇಷ್ಮೆಗಳು ಬೆಂಗಳೂರಿಗೂ ಅದರಾಚೆಗೂ ಹೋಗುತ್ತವೆ. ನಗರ ಬಿಟ್ಟ ನೀರು ಹೊಲದ ಮೂಲಕ ನಗರದ ತಟ್ಟೆಗೆ ಹಿಂದಿರುಗುವ ಈ ಸುತ್ತಿನಲ್ಲಿ ಕೋಲಾರದ ಪ್ರಶ್ನೆ ಕೋಲಾರದ್ದಷ್ಟೇ ಆಗಿ ಉಳಿಯುವುದಿಲ್ಲ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಈ ನೀರಿನ ಬಗೆಗಿನ ಪ್ರತಿಯೊಂದು ಸಾರ್ವಜನಿಕ ಹೇಳಿಕೆಯೂ ಮಾಲಿನ್ಯಕಾರಕವನ್ನು ಹೆಸರಿಸಿ, ಅದರ ಮೇಲೆ ನಡೆದ ಕ್ರಿಯೆಯನ್ನು ಹೆಸರಿಸಿ, ಉಳಿದದ್ದು ಎಲ್ಲಿದೆ ಎಂದು ಹೇಳುವಂತಾಗಬೇಕು. ಘಟಕದ ಹೊರಬಾಯಿ, ಕೆರೆಯ ನೀರು, ಕೆರೆಯ ಹೂಳು, ಅಂಚಿನ ಬಾವಿ – ಈ ನಾಲ್ಕು ಕಡೆಯ ಅಂಕಿಗಳು ಆಯಾ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಕಾಣಬೇಕು. ಎರಡನೆಯದಾಗಿ, ಕನ್ನಡದ ವಿಜ್ಞಾನ ಬರಹವು ಪಾರಿಭಾಷಿಕ ಪದಗಳನ್ನು ಟಂಕಿಸುವುದರಲ್ಲಿಯೇ ತೃಪ್ತಿಪಡದೆ ಕ್ರಿಯೆಯನ್ನು ವಿವರಿಸುವ ಹೊಣೆಯನ್ನು ಹೊರಬೇಕು. ಹೆಪ್ಪು, ಗಸಿ, ಗೋಡು, ತಿಪ್ಪೆ ಮುಂತಾದ ಮಾತುಗಳಲ್ಲಿ ಸೂಕ್ಷ್ಮಜೀವಿಗಳ ಸಮುದಾಯವನ್ನು ಕಂಡು ಬಳಸಿದ ತಲೆಮಾರುಗಳ ಅನುಭವ ಅಡಗಿದೆ. ಈ ವಿವರಣೆಗೆ ಅವೇ ಸಾಮಗ್ರಿ.

ಆವನಿಯ ಯತಿಯು ಕಟ್ಟಿಸಿದ ಕೆರೆಗಳನ್ನು ಶಾಸನವು ಐವತ್ತು ದೇವಾಲಯಗಳ ಜೊತೆಯಲ್ಲಿ ಎಣಿಸಿತು. ಕೆರೆಯೊಳಗೆ ನಡೆಯುವುದನ್ನು ಎಣಿಸಬೇಕಾದ ಅಗತ್ಯ ಆ ಕಾಲಕ್ಕೆ ಇರಲಿಲ್ಲ. ಈ ಕಾಲಕ್ಕೆ ಅದು ಒದಗಿಬಂದಿದೆ. ಅದನ್ನು ಕಲ್ಲಿನಲ್ಲಿ ಕೆತ್ತಬೇಕಾಗಿಲ್ಲ, ಆದರೆ ಕೆರೆಯ ಏರಿಯ ಮೇಲೆ ನಿಂತವನಿಗೆ ತಿಳಿಯುವ ಕನ್ನಡದಲ್ಲಿ ಬರೆಯಬೇಕಾಗಿದೆ.